ಜಿಪಿಎಸ್‌ನಲ್ಲಿ ಅಂಗಳದ ಎತ್ತರ ಮೈನಸ್ 78 ಮೀಟರ್: ನೆಲ ಕುಸಿದಿದೆಯೇ?

ಪ್ರಶ್ನೆ: ಕುಮಟಾ ಹತ್ತಿರ ಗಜನಿಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ) ಮಣ್ಣು ತುಂಬಿಸಿ ಕಟ್ಟಿದ ಮನೆ ನಮ್ಮದು. ಗೋಡೆ ಬಿರುಕು ಬಿಟ್ಟಿದೆ. ಮೊಬೈಲ್ ಆ್ಯಪ್ ಅಂಗಳದ ಎತ್ತರ ಮೈನಸ್ 78 ಮೀಟರ್ ಎನ್ನುತ್ತಿದೆ. ನೆಲ ಕುಸಿಯುತ್ತಿರುವುದು ಖಾತ್ರಿಯಾಯಿತಲ್ಲವೇ?

ಉತ್ತರ: ಆಗಲಿಲ್ಲ. ಪ್ರತಿ ಮಳೆಗಾಲದಲ್ಲೂ ಇದೇ ಪ್ರಶ್ನೆ ಬರುವುದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಉಪಗ್ರಹಗಳಿಂದ ಲೆಕ್ಕ ಹಾಕುವ ಎತ್ತರ ಸಮುದ್ರ ಮಟ್ಟದಿಂದಲ್ಲ. ಭೂಮಿಯ ಆಕಾರಕ್ಕೆ ಗಣಿತದಲ್ಲಿ ಹೊಂದಿಸಿದ ನುಣುಪಾದ ಒಂದು ದೀರ್ಘಗೋಲದಿಂದ. ನಿಜವಾದ ಸಮುದ್ರ ಆ ಗೋಲದ ಮೇಲೆ ಸರಿಯಾಗಿ ಕೂರುವುದಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವ ದುರ್ಬಲವಾಗಿರುವುದರಿಂದ ಅಲ್ಲಿನ ನೀರಿನ ಮೈ ಗೋಲಕ್ಕಿಂತ 100 ಮೀಟರಿಗೂ ಹೆಚ್ಚು ಕೆಳಗಿದೆ. ಆ ತಗ್ಗಿನ ಇಳಿಜಾರು ನಮ್ಮ ಕರಾವಳಿಯವರೆಗೂ ಹಬ್ಬಿದೆ; ಇಲ್ಲಿ ವ್ಯತ್ಯಾಸ ಸುಮಾರು 80 ಮೀಟರ್ ಆಸುಪಾಸು. ಕಾರವಾರದ ಟಾಗೋರ್ ಕಡಲತೀರದಲ್ಲಿ ಅಲೆಗೆ ಕಾಲು ಕೊಟ್ಟು ನಿಂತರೂ ಅದೇ ಆ್ಯಪ್ ಮೈನಸ್ಸನ್ನೇ ತೋರಿಸುತ್ತದೆ. ಇನ್ನೊಂದು ಆ್ಯಪ್ ಪ್ಲಸ್ 4 ಎಂದರೆ, ಅದು ಈ ವ್ಯತ್ಯಾಸವನ್ನು ಸರಿಪಡಿಸಿಕೊಂಡಿದೆ, ಅಷ್ಟೇ. ಇದರ ಜೊತೆಗೆ ಮೊಬೈಲಿನ ಎತ್ತರ ಬೆಳಿಗ್ಗೆಯಿಂದ ಸಂಜೆಗೆ ಹಲವು ಮೀಟರ್ ಓಲಾಡುತ್ತದೆ. ವರ್ಷಕ್ಕೆ 5 ಮಿಲಿಮೀಟರ್ ಕುಸಿತ ಅದರ ಕಣ್ಣಿಗೆ ಬೀಳುವ ಮಾತೇ ಇಲ್ಲ.

ಅಳೆಯಲೇಬೇಕೆಂದರೆ ಎರಡು ತರಂಗಾಂತರ ಹಿಡಿಯುವ ಸರ್ವೆ ರಿಸೀವರ್ ಬೇಕು. ನೆಲಗಟ್ಟಿನಲ್ಲಿ ಸ್ಟೀಲ್ ಬೋಲ್ಟ್ ಕೂರಿಸಿ, ಪ್ರತಿ ಸಲ ಅದೇ ಬೋಲ್ಟಿನ ಮೇಲೆ, ಅದೇ ಆಂಟೆನಾ ಇಟ್ಟು 24 ಗಂಟೆಯಂತೆ ಎರಡು ಮೂರು ದಿನ ದಾಖಲಿಸಬೇಕು. ದತ್ತಾಂಶವನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯ ಕೋರ್ಸ್ (CORS) ಕೇಂದ್ರಗಳ, ಅಂದರೆ ಒಂದೇ ಜಾಗದಲ್ಲಿ ನಿಂತು ಸದಾ ಉಪಗ್ರಹ ಸಂಕೇತ ದಾಖಲಿಸುವ ಕೇಂದ್ರಗಳ, ದಾಖಲೆಯೊಂದಿಗೆ ಸಂಸ್ಕರಿಸಬೇಕು. ಹೆಚ್ಚಿನವರು ಎಡವುವುದು ಆಂಟೆನಾದ ಎತ್ತರ ಬರೆದುಕೊಳ್ಳುವಲ್ಲಿ: ಟೇಪನ್ನು ಓರೆ ಹಿಡಿದರೆ ಒಂದು ಸೆಂಟಿಮೀಟರ್ ಸುಳ್ಳು ಕುಸಿತ ಹುಟ್ಟಿಕೊಳ್ಳುತ್ತದೆ. ಪಕ್ಕದ ತಗಡಿನ ಮಾಡು ಸಂಕೇತವನ್ನು ಪ್ರತಿಫಲಿಸುತ್ತದೆ, ತೆಂಗಿನ ಗರಿ ತಡೆಯುತ್ತದೆ. ಮೇ ತಿಂಗಳ ಅಳತೆಯನ್ನು ಮೇ ತಿಂಗಳಿಗೇ ಹೋಲಿಸಿ. ಮಳೆನೀರಿನ ಭಾರಕ್ಕೇ ನೆಲ ಕೆಲವು ಮಿಲಿಮೀಟರ್ ತಗ್ಗಿ, ಬೇಸಿಗೆಯಲ್ಲಿ ಮತ್ತೆ ಏಳುತ್ತದೆ. ಆದ್ದರಿಂದ ಎರಡೂವರೆ ವರ್ಷಕ್ಕಿಂತ ಕಡಿಮೆ ಅವಧಿಯ ಲೆಕ್ಕ ನಂಬಬೇಡಿ.

ಇನ್ನು ಕಾರಣ. ಮೊದಲು ಬೇಗ ಇಳಿದು ಆಮೇಲೆ ನಿಧಾನವಾದರೆ, ತುಂಬಿಸಿದ ಮಣ್ಣಿನ ಭಾರಕ್ಕೆ ಗಜನಿಯ ಕೆಸರು ನೀರು ಬಿಟ್ಟು ಕುಗ್ಗುತ್ತಿದೆ ಎಂದೇ ಬಹುಮಟ್ಟಿಗೆ ಅರ್ಥ. ಖಚಿತವಾಗಬೇಕಾದರೆ ಗಟ್ಟಿ ಬಂಡೆ ಮುಟ್ಟುವವರೆಗೆ ಕೊಳವೆ ಇಳಿಸಿ, ಅದರ ತಲೆಯ ಮೇಲೊಂದು, ಪಕ್ಕದ ನೆಲದ ಮೇಲೊಂದು ಆಂಟೆನಾ ಇಡಬೇಕು. ಕೊಳವೆ ನಿಂತಲ್ಲೇ ಇದ್ದು ನೆಲ ಮಾತ್ರ ಇಳಿದರೆ ಕುಗ್ಗುತ್ತಿರುವುದು ನಡುವಿನ ಪದರವೇ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಅಂತರ್ಜಲ ಎತ್ತಿದ್ದರಿಂದಾದ ಕುಸಿತವನ್ನು ಹೀಗೇ ಅಳೆಯುತ್ತಾರೆ. ಗುಡ್ಡದ ಬುಡದ ಮನೆಗಳಲ್ಲಿ ಬಿಂದು ಇಳಿಯುವುದರ ಜೊತೆಗೆ ಕಣಿವೆಯ ಕಡೆಗೂ ಸರಿದರೆ ಅದು ಕುಸಿತವಲ್ಲ, ಗುಡ್ಡ ಜಾರುತ್ತಿರುವುದು. ಚಿರೆಕಲ್ಲಿನಡಿಯ ಶೇಡಿ ಮಣ್ಣು (ಮೆದುವಾದ ಜೇಡಿಮಣ್ಣು) ನೆನೆದರೆ ಬಲ ಕಳೆದುಕೊಳ್ಳುತ್ತದೆ. ಅಂಥಲ್ಲಿ ಅಳತೆಗೆ ಕಾಯದೆ ಮೊದಲು ಮನೆ ಬಿಡಿ.

ಯಾರೂ ಕೇಳದಿದ್ದರೂ ಇದಕ್ಕೆ ಅಂಟಿಕೊಂಡ ಪ್ರಶ್ನೆ ಇನ್ನೊಂದಿದೆ: ಕಡಲು ಏರುತ್ತಿದೆಯೋ, ನೆಲ ಇಳಿಯುತ್ತಿದೆಯೋ? ಬಂದರಿನ ಉಬ್ಬರವಿಳಿತದ ಮಾಪಕಕ್ಕೆ ಎರಡೂ ಒಂದೇ, ಏಕೆಂದರೆ ಅದು ನಿಂತಿರುವುದೇ ಆ ನೆಲದ ಮೇಲೆ. ಮಾಪಕದ ಪಕ್ಕದಲ್ಲೇ ಉಪಗ್ರಹ ರಿಸೀವರ್ ವರ್ಷಗಟ್ಟಲೆ ಓಡಿದರೆ ಮಾತ್ರ ನೆಲದ ಪಾಲನ್ನು ಕಳೆದು ಕಡಲಿನ ಪಾಲು ತೆಗೆಯಬಹುದು.