ವರ್ಸೇಲ್ಸ್ ಉದ್ಯಾನಕ್ಕೆ ಕನ್ನಡಿ ಹೊಸದಲ್ಲ

ಪ್ರಶ್ನೆ: ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಐತಿಹಾಸಿಕ ಉದ್ಯಾನದಲ್ಲಿ ಶಿಲ್ಪಿ ಅನೀಶ್ ಕಪೂರ್ ಅವರ ಉಕ್ಕಿನ ಕನ್ನಡಿಗಳನ್ನು ನಿಲ್ಲಿಸಿದ್ದರಿಂದ ಅದರ ಅಂದ ಕೆಡಲಿಲ್ಲವೇ?

ಉತ್ತರ: ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೋ ಲೆಕ್ಕವಿಲ್ಲ. ಆ ಕನ್ನಡಿಗಳು ಈಗ ಅಲ್ಲಿಲ್ಲ. 2015ರಲ್ಲಿ ಕೆಲವು ತಿಂಗಳಿದ್ದು ಹೋದವು.

ನನ್ನನ್ನು ಕಾಡುವುದು ಪ್ರಶ್ನೆಗಿಂತ ಅದರ ಹಿಂದಿರುವ ನಂಬಿಕೆ. ಹಳೆಯ ತೋಟವೆಂದರೆ ಮರ, ಹುಲ್ಲು, ಹೂವು ಮಾತ್ರ, ಕನ್ನಡಿಯನ್ನು ನಮ್ಮ ಕಾಲದವರು ತಂದು ತುರುಕಿದರು ಎಂಬ ನಂಬಿಕೆ. ಎಷ್ಟು ಹೇಳಿದರೂ ಅದು ಹೋಗುತ್ತಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಅರಮನೆಯ ಮುಂದಿರುವ ಎರಡು ಕೊಳಗಳನ್ನೇ ನೋಡಿ. ಅವುಗಳಲ್ಲಿ ತಾವರೆಯಿಲ್ಲ, ಸುತ್ತ ಪೊದೆಯಿಲ್ಲ. ಅಂಚಿನಲ್ಲಿರುವ ಕಂಚಿನ ನದೀದೇವತೆಗಳು ಕೂಡ ಒರಗಿ ಮಲಗಿದ ಭಂಗಿಯಲ್ಲಿವೆ. ಎದ್ದು ನಿಂತಿದ್ದರೆ ನೋಟಕ್ಕೆ ಅಡ್ಡ ಬರುತ್ತಿದ್ದವು. ಆ ನೀರಿನ ಕೆಲಸ ಆಕಾಶವನ್ನು ಹಿಡಿದು ಅರಮನೆಯ ಮೇಲೆ ಬೆಳಕು ಚೆಲ್ಲುವುದು. ಬೆಳಕು ಬೀಳುವ ಮೇಲಂತಸ್ತಿನಲ್ಲೇ 1684ರಲ್ಲಿ ಮುಗಿದ ಕನ್ನಡಿ ಸಭಾಂಗಣವಿದೆ: ತೋಟದ ಕಡೆಗೆ 17 ಕಿಟಕಿ, ಅವುಗಳ ಎದುರಿಗೆ 17 ಕಮಾನು, ಕಮಾನುಗಳಲ್ಲಿ 357 ಕನ್ನಡಿ. ಹೊರಗಿನ ತೋಟ ಒಳಗಿನ ಗೋಡೆಯಲ್ಲಿ ಮೂಡಬೇಕೆಂದೇ ಈ ಏರ್ಪಾಟು. ಪಶ್ಚಿಮಕ್ಕೆ ಚಾಚಿರುವ, 1,670 ಮೀಟರ್ ಉದ್ದದ ಮಹಾಕಾಲುವೆಯಲ್ಲಿ ಮುಳುಗುವ ಸೂರ್ಯನೂ ಎರಡಾಗಿ ಕಾಣುತ್ತಾನೆ.

ತೋಟವನ್ನು ರೂಪಿಸಿದ ಆಂದ್ರೆ ಲೆ ನೋತ್ರ್ ಇದಕ್ಕೂ ಮೊದಲೇ, ವೋ-ಲೆ-ವಿಕೊಂತ್‌ನಲ್ಲಿ, ದೂರದ ಚೌಕ ಕೊಳವೊಂದರಲ್ಲಿ ಅಲ್ಲಿನ ಅರಮನೆಯ ಮುಖ ಮೂಡುವಂತೆ ಮಾಡಿದ್ದ. ನೀರಿನಲ್ಲಿ ಅರಮನೆ ತಲೆಕೆಳಗಾದರೆ ಸೊಬಗು, ಉಕ್ಕಿನಲ್ಲಿ ತಲೆಕೆಳಗಾದರೆ ಅಪಚಾರವೇ? ಕಪೂರ್ ಆ ತೋಟದ ಮಾತನ್ನೇ ಲೋಹದಲ್ಲಿ ಮುಂದುವರಿಸಿದರು ಎಂದು ನಾನು ನಂಬುತ್ತೇನೆ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಅರಮನೆಯ ಮುಂದೆ ನಿಲ್ಲಿಸಿದ್ದ ಅವರ ‘ಸಿ-ಕರ್ವ್’ ಎಂಬ ಬಾಗಿದ ಕನ್ನಡಿಯ ಒಂದು ಬದಿಯಲ್ಲಿ ಬಿಂಬ ನೆಟ್ಟಗೆ, ಇನ್ನೊಂದು ಬದಿಯಲ್ಲಿ ತಲೆಕೆಳಗು. ಎರಡೂ ಕಡೆ ಇರುವುದು ಹೊಳಪು ಕೊಟ್ಟ ಉಕ್ಕೇ. ಒಳಗೆ ಪರದೆಯಾಗಲಿ ಮಸೂರವಾಗಲಿ ಇಲ್ಲ. ಅಡುಗೆಮನೆಯಿಂದ ಹೊಸ ಸ್ಟೀಲ್ ಚಮಚವೊಂದನ್ನು ತನ್ನಿ. ಉಬ್ಬಿದ ಬೆನ್ನಿನಲ್ಲಿ ನೀವು ಸಣ್ಣಗೆ, ನೆಟ್ಟಗೆ ಕಾಣುತ್ತೀರಿ. ತಗ್ಗಿನ ಕಡೆ ತಿರುಗಿಸಿದರೆ ತಲೆಕೆಳಗು, ಏಕೆಂದರೆ ತಗ್ಗು ಮೈಗೆ ಬಡಿದ ಕಿರಣಗಳು ಮರಳುವಾಗ ಒಂದನ್ನೊಂದು ದಾಟುತ್ತವೆ. ಈಗ ಆ ತಗ್ಗಿನೊಳಕ್ಕೆ ಬೆರಳ ತುದಿಯನ್ನು ಮೆಲ್ಲಗೆ ತನ್ನಿ. ಬಿಂಬ ಊದಿಕೊಳ್ಳುತ್ತದೆ, ಕಲಸಿಹೋಗುತ್ತದೆ, ಬೆರಳು ಇನ್ನೇನು ಲೋಹಕ್ಕೆ ತಾಗಬೇಕು ಎನ್ನುವಾಗ ನೆಟ್ಟಗಾಗುತ್ತದೆ.