ಬೆಳವಣಿಗೆ ದರ, ನೀತಿ ಸುಧಾರಣೆ: ವಿಯೆಟ್ನಾಂ ಕಥೆ ಇಟ್ಟುಕೊಂಡು ಒಂದು ಟಿಪ್ಪಣಿ

ಈ ಪಾಠದಲ್ಲಿ ನಾವೆಲ್ಲ ಮೊದಲು ಎಡವುವುದು ಶೇಕಡಾ ಲೆಕ್ಕದಲ್ಲಿ. 7% ಬೆಳವಣಿಗೆಗೂ 3.5% ಬೆಳವಣಿಗೆಗೂ ಅಂಥ ವ್ಯತ್ಯಾಸ ಇದೆ ಅನ್ನಿಸುವುದೇ ಇಲ್ಲ, ಅಲ್ವಾ? 70ನ್ನು ಆ ದರದಿಂದ ಭಾಗಿಸಿ ನೋಡಿ. ಆದಾಯ ದುಪ್ಪಟ್ಟಾಗಲು ಎಷ್ಟು ವರ್ಷ ಬೇಕು ಅನ್ನುವುದು ಹೆಚ್ಚುಕಡಿಮೆ ಸಿಗುತ್ತದೆ. 7% ಆದರೆ 10 ವರ್ಷ, 3.5% ಆದರೆ 20, ಬರೀ 1% ಆದರೆ 70 ವರ್ಷ. ಜನಸಂಖ್ಯೆಯೂ ಬೆಳೆಯುತ್ತಿರುತ್ತದೆ, ಹಾಗಾಗಿ ತಲಾ ಆದಾಯದ ದರವನ್ನೇ ಹಿಡಿಯಿರಿ.

ಆ ದರ ಏರುವುದು ಹೇಗೆ? ‘ಸುಧಾರಣೆಗಳಿಂದ’ ಅಂತ ಒಂದು ಸಾಲು ಬರೆದು ಮುಂದೆ ಹೋಗುವವರೇ ಜಾಸ್ತಿ. ಯಾವ ನಿಯಮ ಬದಲಾಯಿತು, ಅದರಿಂದ ಯಾರ ಕೈಗೆ ಏನು ಬಂತು ಅಂತ ಹೇಳದಿದ್ದರೆ ಆ ಉತ್ತರದಲ್ಲಿ ಏನೂ ಇಲ್ಲ. ನನಗೆ ಇದು ಅರ್ಥವಾಗಿದ್ದು ವಿಯೆಟ್ನಾಂ ಬಗ್ಗೆ ಓದಿದ ಮೇಲೆ.

1986ರಲ್ಲಿ ಅಲ್ಲಿ ಹಣದುಬ್ಬರ 700% ದಾಟಿತ್ತು. ಅಂದರೆ 100 ಡಾಂಗ್ (ಅಲ್ಲಿನ ಹಣ) ಕೊಟ್ಟು ತಂದ ಸಾಮಾನಿಗೆ ವರ್ಷ ಕಳೆಯುವಷ್ಟರಲ್ಲಿ 800ಕ್ಕೂ ಜಾಸ್ತಿ. ಹೊಲಗಳು ಸಹಕಾರಿ ಸಂಘಗಳ ಹಿಡಿತದಲ್ಲಿದ್ದವು. ಎಷ್ಟು ದುಡಿದರೂ ಬೆಳೆಯಲ್ಲಿ ದೊಡ್ಡ ಪಾಲು ತನ್ನದಲ್ಲ ಅಂತ ಗೊತ್ತಿದ್ದಾಗ ಯಾರು ತಾನೇ ಮೈಮುರಿದು ದುಡಿಯುತ್ತಾರೆ? ಆ ವರ್ಷದ ಡಿಸೆಂಬರ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ 6ನೇ ಮಹಾಧಿವೇಶನ ‘ದೊಯ್ ಮೊಯ್’ ಘೋಷಿಸಿತು, ಅಂದರೆ ಆರ್ಥಿಕತೆಯ ‘ನವೀಕರಣ’. ಆದರೆ ಘೋಷಣೆಯಿಂದ ಭತ್ತ ಬೆಳೆಯುವುದಿಲ್ಲವಲ್ಲ. ನಿಜವಾದ ತಿರುವು ಬಂದಿದ್ದು 1988ರಲ್ಲಿ, ಪಕ್ಷದ 10ನೇ ನಿರ್ಣಯದಿಂದ. ನೆಲದ ಒಡೆತನ ಸರ್ಕಾರದ್ದೇ ಆಗಿ ಉಳಿಯಿತು, ಉಳುವ ಹಕ್ಕು ಮಾತ್ರ ದೀರ್ಘ ಅವಧಿಗೆ ಒಂದೊಂದು ಕುಟುಂಬಕ್ಕೂ ಸಿಕ್ಕಿತು. 1989ರಲ್ಲಿ ಹೆಚ್ಚಿನ ಬೆಲೆ ನಿಯಂತ್ರಣಗಳೂ ಹೋದವು. ಅಲ್ಲಿಯವರೆಗೆ ಅಕ್ಕಿ ತರಿಸಿಕೊಳ್ಳುತ್ತಿದ್ದ ದೇಶ ಅದೇ ವರ್ಷ ಸುಮಾರು 14 ಲಕ್ಷ ಟನ್ ಅಕ್ಕಿಯನ್ನು ಹೊರಗೆ ಮಾರಿತು! ಹೊಸ ಯಂತ್ರ, ಹೊಸ ಅಣೆಕಟ್ಟು ಅಂತೇನೂ ಅಲ್ಲ, ಬೆಳೆದದ್ದು ಬೆಳೆದವನಿಗೆ ಉಳಿಯುವ ಹಾಗಾಯಿತು, ಮುಖ್ಯವಾಗಿ ಅಷ್ಟೇ. 1993ರ ಭೂ ಕಾಯ್ದೆ ಬಂದಮೇಲೆ ಆ ಹಕ್ಕನ್ನು ಅಡ ಇಡಬಹುದಿತ್ತು, ಗುತ್ತಿಗೆಗೆ ಕೊಡಬಹುದಿತ್ತು, ಮಕ್ಕಳಿಗೂ ಬಿಡಬಹುದಿತ್ತು.

ಆಮೇಲಿನದು ಬೇಗ ನೋಡೋಣ. 1994ರಲ್ಲಿ ಅಮೆರಿಕ ವ್ಯಾಪಾರ ನಿರ್ಬಂಧ ತೆಗೆಯಿತು, 1995ರಲ್ಲಿ ವಿಯೆಟ್ನಾಂ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಸೇರಿತು, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ. ಫ್ಯಾಕ್ಟರಿಗಳು ಬಂದವು. ದೇಶದ ಸ್ವಂತ ಅಳತೆಯಲ್ಲಿ 1993ರಲ್ಲಿ ಸುಮಾರು 58% ಇದ್ದ ಬಡತನ 2008ಕ್ಕೆ 15%ಗಿಂತ ಕೆಳಗಿಳಿಯಿತು.

ಇಲ್ಲಿ ಒಂದು ತಪ್ಪು ತೀರ್ಮಾನಕ್ಕೆ ಬಂದುಬಿಡುವುದು ಸುಲಭ: ಆದಾಯ ಏರಿದರೆ ಬಡತನ ತಾನಾಗಿ ಇಳಿಯುತ್ತದೆ ಅಂತ. ಈಕ್ವಟೋರಿಯಲ್ ಗಿನಿ ನೋಡಿ. 1990ರ ದಶಕದಲ್ಲಿ ತೈಲ ಸಿಕ್ಕಿ ಅಲ್ಲಿನ ತಲಾ ಆದಾಯ ಆಫ್ರಿಕಾದಲ್ಲೇ ಮೇಲಿನ ಸಾಲಿಗೆ ಹೋಯಿತು, ಆದರೆ ಆ ಹಣ ಆಳುವವರ ಸುತ್ತಲೇ ನಿಂತಿತು, ಬಡವರು ಬಡವರಾಗಿಯೇ ಉಳಿದರು. ವಿಯೆಟ್ನಾಂನಲ್ಲಿ ಹಾಗಾಗದಿರಲು ಎರಡು ಕಾರಣ ಎದ್ದು ಕಾಣುತ್ತವೆ. ನೆಲ ಸಾಕಷ್ಟು ಸಮನಾಗಿ ಹಂಚಿಕೆಯಾಯಿತು. ಸುಧಾರಣೆಗೆ ಮೊದಲೇ ಹೆಚ್ಚಿನವರಿಗೆ ಓದು ಬರಹ ಬರುತ್ತಿತ್ತು, ಹಾಗಾಗಿ ಫ್ಯಾಕ್ಟರಿ ಬಂದಾಗ ಕೆಲಸಕ್ಕೆ ಸೇರಲು ಜನ ತಯಾರಿದ್ದರು. ನನ್ನ ಪ್ರಕಾರ ಎರಡನೆಯದಕ್ಕೆ ನಾವು ಕೊಡಬೇಕಾದಷ್ಟು ಅಂಕ ಕೊಡುವುದಿಲ್ಲ.

ಹಾಗಂತ ಸುಧಾರಣೆ ಪುಕ್ಕಟೆ ಬರಲಿಲ್ಲ. ಸರ್ಕಾರಿ ಉದ್ದಿಮೆಗಳಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಸಹಕಾರಿ ಸಂಘದ ದುಡ್ಡಿನಲ್ಲಿ ನಡೆಯುತ್ತಿದ್ದ ಹಳ್ಳಿ ಆರೋಗ್ಯ ಕೇಂದ್ರಗಳು ಸೊರಗಿದವು, 1989ರಿಂದ ಸರ್ಕಾರಿ ಆಸ್ಪತ್ರೆಯಲ್ಲೂ ಶುಲ್ಕ ಶುರುವಾಯಿತು. ಅಕ್ಕಿ ಹಡಗು ಹತ್ತಿದ ವರ್ಷವೂ ಅದೇ.