ಎಡ, ಬಲ ಒಂದೇ ಸಮ ಇರಬೇಕಿಲ್ಲ

ಮದುವೆ ಸೀಸನ್‌ನಲ್ಲಿ ವಿರಾಜಪೇಟೆಯಲ್ಲೋ ಗೋಣಿಕೊಪ್ಪದಲ್ಲೋ ರವಿಕೆ ಹೊಲಿಯುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಎರಡೂ ಸ್ತನಗಳ ಅಳತೆ ಸರಿಸಮ ಇರುವವರು ಕಡಿಮೆ. ಕೊಡವ ಸೀರೆಯ ಸೆರಗು ಎದೆಯ ಮೇಲೆ ಬಿಗಿಯಾಗಿ ಹಾದು ಬಲ ಭುಜಕ್ಕೆ ಬರುತ್ತದೆ. ಹಾಗಾಗಿ ಉಟ್ಟವರ ಕಣ್ಣಿಗೆ ಚಿಕ್ಕ ವ್ಯತ್ಯಾಸವೂ ದೊಡ್ಡದಾಗಿಯೇ ಕಾಣುತ್ತದೆ. ಎದುರಿಗಿದ್ದವರಿಗೆ ಅದು ಗೊತ್ತೂ ಆಗುವುದಿಲ್ಲ.

ಈ ವ್ಯತ್ಯಾಸ ಬೆಳವಣಿಗೆಯ ಜೊತೆಗೇ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದ ನಡುವೆ ಈಸ್ಟ್ರೋಜನ್ ಹಾರ್ಮೋನು ಹೆಚ್ಚಾಗಿ, ತೊಟ್ಟಿನ ಹಿಂದೆ ಸಣ್ಣ ಗಂಟು ಬರುತ್ತದೆ. ಮುಟ್ಟಿದರೆ ನೋವೂ ಇರಬಹುದು. ಎಷ್ಟೋ ಸಲ ಇದು ಒಂದೇ ಕಡೆ ಶುರುವಾಗುತ್ತದೆ, ಇನ್ನೊಂದು ಕಡೆಗೆ ಕೆಲವು ತಿಂಗಳು ಬೇಕಾಗುತ್ತದೆ. ಒಂದೇ ಗಿಡದ ಅರೇಬಿಕಾ ಕಾಫಿ ಹಣ್ಣು ಒಟ್ಟಿಗೆ ಕೆಂಪಾಗುತ್ತದಾ? ಇದೂ ಹಾಗೇ. ಆದರೆ ಮನೆಯಲ್ಲಿ ತಾಯಿಗೆ ಗಾಬರಿ: "ಒಂದೇ ಕಡೆ ಗಂಟು, ಕ್ಯಾನ್ಸರ್ ಇರಬಹುದಾ?" ಈ ವಯಸ್ಸಿನಲ್ಲಿ ಅದು ತೀರಾ ಅಪರೂಪ. ಬೆಳೆಯುವ ಸ್ತನದ ಮೊಳಕೆಯೇ ಅದು. ಗೆಡ್ಡೆ ಅಂದುಕೊಂಡು ಅದನ್ನು ಕತ್ತರಿಸಿ ತೆಗೆದರೆ ಮುಂದೆ ಆ ಕಡೆ ಸರಿಯಾಗಿ ಬೆಳೆಯದೆ ಹೋಗಬಹುದು. ಅದಕ್ಕೇ ಅವಸರ ಬೇಡ. 8 ವರ್ಷಕ್ಕೆ ಮೊದಲೇ ಬೆಳವಣಿಗೆ ಕಂಡರೆ, ಅಥವಾ 13 ದಾಟಿದರೂ ಶುರುವಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಈ ಗಂಟು ಕಂಡ ಎರಡು, ಎರಡೂವರೆ ವರ್ಷಕ್ಕೆ ಸಾಮಾನ್ಯವಾಗಿ ಮುಟ್ಟು ಶುರುವಾಗುತ್ತದೆ.

ಹುಡುಗರಿಗೂ ಆ ವಯಸ್ಸಿನಲ್ಲಿ ತೊಟ್ಟಿನ ಹಿಂದೆ ಗಂಟು ಬರುವುದುಂಟು. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಪಾಪ, ಅವರು ಯಾರಿಗೂ ಹೇಳಿಕೊಳ್ಳುವುದಿಲ್ಲ.

ಇನ್ನು ಗಾತ್ರ, ಆಕಾರ. ಸ್ತನದ ಒಳಗೆ ಇರುವುದು ಹಾಲಿನ ಗ್ರಂಥಿ, ನಾಳಗಳು, ಕೊಬ್ಬು, ಅವನ್ನೆಲ್ಲ ಹಿಡಿದಿಡುವ ನಾರುಗಳು. ಸ್ತನ ದೊಡ್ಡದೋ ಚಿಕ್ಕದೋ ಅನ್ನುವುದು ಬಹುಪಾಲು ಕೊಬ್ಬಿನ ಲೆಕ್ಕ. ಹಾಲು ಬರುವುದು ಗ್ರಂಥಿಯಿಂದ. ಅದಕ್ಕೇ ಎದೆ ಚಿಕ್ಕದಿದ್ದರೆ ಮಗುವಿಗೆ ಹಾಲು ಸಾಲದು ಅನ್ನುವ ಅಜ್ಜಿಯರ ಮಾತು ನಿಜವಲ್ಲ. ಅಂಗಡಿಯಲ್ಲಿ ಸಿಗುವ ಎಣ್ಣೆ, ಕ್ರೀಮುಗಳಿಂದ ಗಾತ್ರ ಬದಲಾಗುವುದಿಲ್ಲ, ಸುಮ್ನೆ ದುಡ್ಡು ದಂಡ. ಆದರೆ ಕೆಲವರಿಗೆ ಬುಡ ಕಿರಿದಾಗಿ ಸ್ತನ ಕೊಳವೆಯಂತೆ ಬೆಳೆಯುತ್ತದೆ. ಇಂಥವರಲ್ಲಿ ಕೆಲವರಿಗೆ ಗ್ರಂಥಿಯೇ ಕಡಿಮೆ ಇರುವುದರಿಂದ ಹಾಲು ಸಾಲದೆ ಹೋಗಬಹುದು. ತೀರಾ ಅಪರೂಪಕ್ಕೆ ಒಂದು ಕಡೆಯ ಎದೆಯ ಸ್ನಾಯುವೇ ಹುಟ್ಟಿನಿಂದ ಇರುವುದಿಲ್ಲ. ಇದಕ್ಕೆ ಪೋಲಂಡ್ ಸಿಂಡ್ರೋಮ್ ಅಂತಾರೆ. 1841ರಲ್ಲಿ ಇದನ್ನು ವಿವರಿಸಿದ ಆಲ್ಫ್ರೆಡ್ ಪೋಲಂಡ್ ಆಗ ಲಂಡನ್ನಿನಲ್ಲಿ ಇನ್ನೂ ವೈದ್ಯ ವಿದ್ಯಾರ್ಥಿ.

ಬಸುರಿ, ಬಾಣಂತಿಯರಿಗೆ ಕೆಲವೊಮ್ಮೆ ಕಂಕುಳಲ್ಲಿ ಊತ ಬಂದು ನೋಯುತ್ತದೆ. ಗರ್ಭದಲ್ಲಿರುವಾಗ ಕಂಕುಳಿಂದ ತೊಡೆಸಂದಿಯವರೆಗೆ ಎರಡೂ ಕಡೆ ಸ್ತನ ಹುಟ್ಟುವ ಜಾಗವಾದ ಹಾಲಿನ ಗೆರೆ ಮೂಡಿ, ಆಮೇಲೆ ಎದೆಯಲ್ಲಿ ಬಿಟ್ಟು ಉಳಿದ ಕಡೆ ಅಳಿಯುತ್ತದೆ. ಅದರಲ್ಲಿ ಚೂರು ಉಳಿದುಕೊಂಡರೆ ಹೀಗೆ ಊತ. ಅಲ್ಲೊಂದು ಇಲ್ಲೊಂದು ಹೆಚ್ಚುವರಿ ತೊಟ್ಟು ಇರುವುದೂ ಇದರಿಂದಲೇ.

ಮುಟ್ಟಿನ ಮುಂಚೆ ಎದೆ ಭಾರವಾಗಿ ನೋಯುವುದು ಕಾಫಿಯಿಂದಲಾ? ಕೊಡಗಿನಲ್ಲಿ ಈ ಪ್ರಶ್ನೆ ಸಹಜ ಅಲ್ವಾ! ಕಾಫಿ ಬಿಟ್ಟರೆ ನೋವು ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಅದು ಹಾರ್ಮೋನಿನ ಏರಿಳಿತ.

ನನ್ನ ಕೇಳಿದರೆ, ಮೊದಲಿನಿಂದ ಇರುವ ವ್ಯತ್ಯಾಸಕ್ಕಿಂತ ಹೊಸದಾಗಿ ಬಂದ ಬದಲಾವಣೆಯನ್ನೇ ಜಾಸ್ತಿ ಗಮನಿಸಬೇಕು. ಹೊಸ ಗಂಟು, ಚರ್ಮದಲ್ಲಿ ಗುಳಿ, ನೆಟ್ಟಗಿದ್ದ ತೊಟ್ಟು ಒಳಗೆ ಸೇರುವುದು, ತೊಟ್ಟಿನಿಂದ ರಕ್ತ, ಒಂದೇ ಕಡೆ ದಿಢೀರ್ ಗಾತ್ರ ಬದಲು: ಇವು ನೋವಿಲ್ಲದಿದ್ದರೂ ತೋರಿಸಲೇಬೇಕಾದವು. 30 ದಾಟಿದ ಹೆಂಗಸರ ಸ್ತನ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ತೋಟದ ಲೈನ್ ಮನೆಗಳಲ್ಲಿ ಇರುವವರು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಆರೋಗ್ಯ ಕೇಂದ್ರಕ್ಕೆ, ಯಾವ ದಿನ ಹೋಗಬೇಕು ಅನ್ನುವುದು ಗೊತ್ತಾಗುತ್ತದೆ.